ಹಳೇ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ಅರ್ಥ ಆಗ್ಬೇಕಾದ್ರೆ ಮೊದಲು ಕ್ಯಾಂಡಲ್ ಅರ್ಥ ಆಗ್ಬೇಕು

ಆನ್‌ಲೈನ್ ಹರಾಜಲ್ಲೋ ಆಂಟಿಕ್ ಅಂಗಡಿಗಳ ಪೇಜಲ್ಲೋ "ವಿಕ್ಟೋರಿಯನ್ ಸಿಲ್ವರ್ ಕ್ಯಾಂಡಲ್ ಸ್ಟ್ಯಾಂಡ್, ಒಂದು ಜೊತೆ" ಅಂತ ಫೋಟೋ ಹಾಕಿರ್ತಾರಲ್ಲ, ಅದನ್ನ ನೋಡಿದ ತಕ್ಷಣ ನಾವು ಎರಡು ವಿಷಯ ಸುಮ್ಮನೆ ನಂಬಿಬಿಡ್ತೀವಿ, ಒಂದು ಅದು ಬೆಳ್ಳಿ ಅಂತ, ಇನ್ನೊಂದು ಅದನ್ನ ಅಲಂಕಾರಕ್ಕೆ ಮಾಡಿದ್ದು ಅಂತ. ಎಷ್ಟೋ ಸಲ ಎರಡೂ ಸುಳ್ಳು. ಒಳಗಿರೋದು ತಾಮ್ರ ಅಥವಾ ನಿಕ್ಕಲ್ ಮಿಶ್ರಲೋಹ, ಮೇಲಿನ ಬೆಳ್ಳಿ ಕೂದಲಿಗಿಂತ ತೆಳು. ಇನ್ನು ಅಲಂಕಾರದ ವಿಷಯ, ಅದರಲ್ಲಿರೋ ಒಂದೊಂದು ಏಣು, ಒಂದೊಂದು ತಟ್ಟೆ, ಒಂದೊಂದು ಕೊಕ್ಕೆ ಕೂಡ ಕ್ಯಾಂಡಲ್ ಕೊಡ್ತಿದ್ದ ಯಾವುದೋ ಒಂದು ಕಾಟಕ್ಕೆ ಕಂಡುಕೊಂಡ ಉಪಾಯ. ಇವತ್ತಿನ ಕ್ಯಾಂಡಲ್ ಅಂಥ ಕಾಟ ಕೊಡಲ್ಲ, ಅದಕ್ಕೇ ನಮಗೆ ಸ್ಟ್ಯಾಂಡ್ ಬರೀ ಡಿಸೈನ್ ಥರ ಕಾಣ್ಸೋದು.

ಹಾಗಾಗಿ ಬೆಳ್ಳಿ ವಿಷಯ ಆಮೇಲೆ ನೋಡೋಣ, ಮೊದಲು ಬತ್ತಿ.

ಕ್ಯಾಂಡಲ್ ಉರಿಯುವಾಗ ನಿಜವಾಗಿ ಉರಿಯೋದು ಬತ್ತಿ ಅಲ್ಲ, ಗಟ್ಟಿ ಮೇಣವೂ ಅಲ್ಲ. ಜ್ವಾಲೆ ಶಾಖಕ್ಕೆ ಮೇಲ್ಗಡೆ ಮೇಣ ಕರಗಿ ಸಣ್ಣ ಹೊಂಡ ಆಗುತ್ತೆ, ಆ ದ್ರವ ಬತ್ತಿ ನೂಲಿನ ಸಂದುಗಳಲ್ಲಿ ತಾನಾಗೇ ಮೇಲೇರುತ್ತೆ, ಮೇಲೆ ಹೋದದ್ದು ಆವಿ ಆಗುತ್ತೆ, ಉರಿಯೋದು ಆ ಆವಿ. ನಂಬಿಕೆ ಬರ್ಲಿಲ್ಲ ಅಂದ್ರೆ ಕ್ಯಾಂಡಲ್ ಆರಿಸಿದ ಕೂಡಲೇ ಏಳೋ ಬಿಳಿ ಹೊಗೆಗೆ ಬೆಂಕಿಕಡ್ಡಿ ತೋರಿಸಿ ನೋಡಿ, ಬತ್ತಿ ಮುಟ್ಟದೇನೇ ಬೆಂಕಿ ಹೊಗೆಯೊಳಗೇ ಇಳಿದು ಹೋಗಿ ಬತ್ತಿ ಹತ್ಕೊಳ್ಳುತ್ತೆ. ಮತ್ತೆ ಆ ಹಳದಿ ಬೆಳಕು ಇದೆಯಲ್ಲ, ಅದು ಮಸಿ! ಆವಿ ಪೂರ್ತಿ ಉರಿಯೋಕೆ ಮುಂಚೆ ಒಡೆದು ಸಣ್ಣ ಸಣ್ಣ ಇಂಗಾಲದ ಕಣ ಆಗುತ್ತೆ, ಆ ಕಣಗಳು ಸಾವಿರ ಡಿಗ್ರಿಗಿಂತ ಹೆಚ್ಚು ಕಾದು ಹೊಳೀತವೆ, ಹೊರಗಿನ ಅಂಚಿಗೆ ಬಂದಾಗ ಆಮ್ಲಜನಕ ಸಿಕ್ಕಿ ಸುಟ್ಟು ಹೋಗ್ತವೆ. ಸುಡದೇ ಉಳಿದ್ರೆ ಅದೇ ಗೋಡೆ ಮೇಲೆ ಕಪ್ಪು. ಅಂದ್ರೆ ಬೆಳಕು ಕೊಡೋದೂ ಮನೆ ಕೊಳೆ ಮಾಡೋದೂ ಒಂದೇ ಪದಾರ್ಥ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಲ್ಲಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಬರೀ ಒಂದು ಮೇಣದಬತ್ತಿ ಮೇಲೆ ಆರು ಉಪನ್ಯಾಸ ಕೊಟ್ಟಿದ್ದ, ಅಷ್ಟು ವಿಷಯ ಇದೆ ಅದರಲ್ಲಿ.

ಈಗ ಪ್ರಶ್ನೆ, 1700ರ ಸುಮಾರಿಗೆ ಇಂಗ್ಲೆಂಡಲ್ಲಿ ಒಂದು ಮಾಮೂಲಿ ಮನೇಲಿ ಏನು ಉರೀತಿತ್ತು? ಪ್ರಾಣಿ ಕೊಬ್ಬು. ಕುರಿ, ದನ ಕಡಿದ ಮೇಲೆ ಸಿಗೋ ಕೊಬ್ಬನ್ನ ಕಾಯಿಸಿ ಸೋಸಿ, ಹತ್ತಿ ಬತ್ತೀನ ಅದರಲ್ಲಿ ಅದ್ದಿ ತೆಗೆದು ಅದ್ದಿ ತೆಗೆದು ದಪ್ಪ ಮಾಡ್ತಿದ್ರು. ಕರಿದ ಹಳೇ ಎಣ್ಣೆ ಥರ ವಾಸನೆ, ಕಣ್ಣು ಉರಿಸೋ ಹೊಗೆ, ಇಟ್ಟಲ್ಲಿ ಇಲಿ ಬಂದು ತಿಂದ್ಕೊಂಡು ಹೋಗೋದು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಲ್ಲೇ ಕರಗಿ ಹೋಗೋ ಪದಾರ್ಥ ಅದು, ಕಲಬುರಗಿ ಮೇ ತಿಂಗಳಲ್ಲಿ ಇಟ್ರೆ ಹಚ್ಚೋ ಮುಂಚೆನೇ ಬಗ್ಗಿ ಮಲಗಿಬಿಡುತ್ತೆ. ಇದಕ್ಕಿಂತ ಎಷ್ಟೋ ಮೇಲು ಜೇನುಮೇಣ, 62-64 ಡಿಗ್ರಿ ತನಕ ಗಟ್ಟಿ ನಿಲ್ಲುತ್ತೆ, ವಾಸನೆನೂ ಚೆನ್ನ, ಆದ್ರೆ ಅದು ಚರ್ಚಿಗೆ, ಅರಮನೆಗೆ, ದುಡ್ಡಿದ್ದೋರ ಮನೆ ಪಾರ್ಟಿಗೆ ಮಾತ್ರ. ಹದಿನೆಂಟನೇ ಶತಮಾನದ ಮಧ್ಯದಲ್ಲಿ ಮೂರನೇದು ಬಂತು, ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆಯೋ ಮೇಣ. ಬೆಳ್ಳಗೆ, ವಾಸನೆ ಇಲ್ಲ, ಬೆಳಕು ಜೋರು. ಎಷ್ಟು ಒಂದೇ ಸಮ ಉರೀತಿತ್ತು ಅಂದ್ರೆ 1860ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಗ್ಯಾಸ್ ಕಂಪನಿಗಳ ಬೆಳಕು ಅಳೆಯೋಕೆ ಇದನ್ನೇ ಅಳತೆ ಮಾಡ್ತು, ಪೌಂಡಿಗೆ ಆರು ತೂಗೋ, ಗಂಟೆಗೆ 120 ಗ್ರೇನ್ (ಸುಮಾರು 8 ಗ್ರಾಂ) ಉರಿಯೋ ತಿಮಿಂಗಿಲ ಮೇಣದ ಬತ್ತಿ ಕೊಡೋ ಬೆಳಕು ಅಂದ್ರೆ ಒಂದು ಕ್ಯಾಂಡಲ್ ಪವರ್ ಅಂತ. ಇವತ್ತು ವಿಜ್ಞಾನದಲ್ಲಿ ಕ್ಯಾಂಡೆಲಾ ಅಂತ ಇರೋ ಯೂನಿಟ್ ಹೆಚ್ಚುಕಮ್ಮಿ ಅಷ್ಟೇ.

ಆ ಬೆಳಕು ಎಷ್ಟು ಗೊತ್ತಾ? ಒಂದು ಕ್ಯಾಂಡಲ್ ಅಂದ್ರೆ ಒಟ್ಟು ಹನ್ನೆರಡು ಹದಿಮೂರು ಲ್ಯೂಮೆನ್ (ಒಟ್ಟು ಬೆಳಕು ಅಳೆಯೋ ಯೂನಿಟ್ ಅದು). ನಮ್ಮನೇಲಿ ಉರಿಯೋ 9 ವ್ಯಾಟಿನ ಎಲ್‌ಇಡಿ ಬಲ್ಬ್ ಎಂಟುನೂರರಿಂದ ಒಂಬೈನೂರು. ಅಂದ್ರೆ ಒಂದು ಬಲ್ಬಿಗೆ ಸಮ ಬೇಕಂದ್ರೆ ಅರವತ್ತೈದು ಎಪ್ಪತ್ತು ಕ್ಯಾಂಡಲ್ ಸಾಲಾಗಿ ಹಚ್ಬೇಕು. ಅದೂ ಸಾಲದು ಅಂತ ದೂರ ಎರಡರಷ್ಟಾದ್ರೆ ಬೆಳಕು ನಾಲ್ಕನೇ ಒಂದು ಭಾಗ ಆಗೋ ನಿಯಮ ಬೇರೆ. ಹಾಗಾಗಿ ಮನೇಲಿ ಎಲ್ಲರೂ ಒಂದೇ ಟೇಬಲ್ ಸುತ್ತ ಕೂರ್ತಿದ್ರು, ಓದೋನು ಹತ್ರ, ಹೊಲಿಯೋಳು ಹತ್ರ, ಸುಮ್ಮನೆ ಹರಟೆ ಹೊಡೆಯೋರು ಹಿಂದೆ. ಸಿನಿಮಾದಲ್ಲಿ ತೋರಿಸೋ ಥರ ರೂಮಿನ ತುಂಬ ನೂರು ಕ್ಯಾಂಡಲ್ ಅನ್ನೋದು ವರ್ಷಕ್ಕೊಂದೆರಡು ಸಲದ ಮಾತು, ಅದೂ ದೊಡ್ಡ ಮನೆಗಳಲ್ಲಿ. ಬರ್ಮಿಂಗ್‌ಹ್ಯಾಮಲ್ಲಿ ಲೂನಾರ್ ಸೊಸೈಟಿ ಅಂತ ಒಂದು ಗುಂಪಿತ್ತು, ಜೇಮ್ಸ್ ವ್ಯಾಟ್, ಜೋಸೆಫ್ ಪ್ರೀಸ್ಟ್ಲಿ ಎಲ್ಲ ಇದ್ದದ್ದು, ಅವರು ಊಟಕ್ಕೆ ಸೇರ್ತಿದ್ದದ್ದು ಹುಣ್ಣಿಮೆ ಹತ್ರದ ದಿನ, ಯಾಕಂದ್ರೆ ರಾತ್ರಿ ಮನೆಗೆ ವಾಪಸ್ ಹೋಗೋಕೆ ದಾರಿ ಕಾಣ್ಬೇಕಲ್ಲ. ಆ ಗುಂಪಿನ ಪ್ರಮುಖರಲ್ಲಿ ಒಬ್ಬನಾದ ಮ್ಯಾಥ್ಯೂ ಬೌಲ್ಟನ್, ಆ ಕಾಲದ ಅತಿ ದೊಡ್ಡ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ತಯಾರಕರಲ್ಲಿ ಒಬ್ಬ! ಸ್ಟ್ಯಾಂಡ್ ಮಾರೋನೇ ಚಂದ್ರನ್ನ ನಂಬ್ಕೊಂಡು ಊಟದ ಡೇಟ್ ಇಡ್ತಿದ್ದ.

ಇಷ್ಟು ಕಮ್ಮಿ ಬೆಳಕಿಗೂ ಸರ್ಕಾರ ಟ್ಯಾಕ್ಸ್ ಹಾಕಿತ್ತು. 1709ರ ಕಾನೂನಿನ ಮೇಲೆ ಶುರುವಾಗಿ 1831ರ ತನಕ ಇಂಗ್ಲೆಂಡಲ್ಲಿ ಕ್ಯಾಂಡಲ್ ಮೇಲೆ ತೆರಿಗೆ ಇತ್ತು, ಜೇನುಮೇಣದ್ದಕ್ಕೆ ಕೊಬ್ಬಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಲೈಸೆನ್ಸ್ ಇಲ್ದೆ ಮನೇಲಿ ಮಾಡ್ಕೊಳ್ಳೋ ಹಾಗೂ ಇಲ್ಲ. ಬಡವರು ಏನು ಮಾಡ್ತಿದ್ರು ಅಂದ್ರೆ ಕೆರೆ ಪಕ್ಕ ಬೆಳೆಯೋ ಜೊಂಡಿನ ಸಿಪ್ಪೆ ಸುಲಿದು, ಒಳಗಿನ ತಿರುಳನ್ನ ಅಡುಗೆ ಮಾಡಿ ಉಳಿದ ಕೊಬ್ಬಲ್ಲಿ ಅದ್ದಿ ಹಚ್ತಿದ್ರು, ಅದಕ್ಕೆ ತೆರಿಗೆ ಇರ್ಲಿಲ್ಲ. ಸೆಲ್‌ಬೋರ್ನ್ ಅನ್ನೋ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಗಡಿಯಾರ ಇಟ್ಕೊಂಡು ನೋಡಿ ಬರೆದಿದಾನೆ, ಎರಡು ಅಡಿ ನಾಲ್ಕೂವರೆ ಇಂಚಿನ ಒಳ್ಳೇ ಜೊಂಡು ಒಂದು ಗಂಟೆಗೆ ಮೂರೇ ನಿಮಿಷ ಕಮ್ಮಿ ಉರೀತಂತೆ. ಬೇರೆ ಯಾರೂ ಇಂಥದನ್ನ ಅಳೆಯೋ ತಲೆ ಕೆಡಿಸ್ಕೊಂಡಿರಲ್ಲ ಅನ್ಸುತ್ತೆ.

ಈಗ ಕ್ಯಾಂಡಲ್ ಕಾಟಗಳಿಗೆ ಬರೋಣ, ಸ್ಟ್ಯಾಂಡಿನ ರೂಪ ಹುಟ್ಟಿದ್ದೇ ಇಲ್ಲಿಂದ.

ಮೊದಲನೇ ಕಾಟ ಬತ್ತಿ. ಹಳೇ ಬತ್ತಿ ಅಂದ್ರೆ ಸುಮ್ಮನೆ ಹುರಿ ಹಾಕಿದ ನೂಲು, ಅದು ಜ್ವಾಲೆ ನಡುವೆ ನೆಟ್ಟಗೆ ನಿಂತ್ಕೊಂಡಿರುತ್ತೆ, ಅಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಅದು ಸುಡಲ್ಲ, ಕರಕಲಾಗಿ ಉದ್ದ ಆಗ್ತಾ ಹೋಗುತ್ತೆ. ಬತ್ತಿ ಉದ್ದ ಆದಷ್ಟೂ ಕೊಬ್ಬು ಹೆಚ್ಚು ಎಳೆಯುತ್ತೆ, ಹೊಗೆ ಹೆಚ್ಚುತ್ತೆ, ಬೆಳಕು ಇಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನೋದನ್ನ ಕೌಂಟ್ ರಮ್‌ಫೋರ್ಡ್ ಅನ್ನೋ ವಿಜ್ಞಾನಿ ಅಳೆದಿಟ್ಟಿದಾನೆ. ಆಗ ತಾನೇ ತುದಿ ಕತ್ತರಿಸಿದ ಕೊಬ್ಬಿನ ಕ್ಯಾಂಡಲ್ ಬೆಳಕನ್ನ 100 ಅಂತ ಇಟ್ಕೊಂಡ್ರೆ, 11 ನಿಮಿಷಕ್ಕೆ 39, ಇನ್ನೆಂಟು ನಿಮಿಷಕ್ಕೆ 23, ಅದರ ಮೇಲೆ ಹತ್ತು ನಿಮಿಷಕ್ಕೆ 16! ತುದಿ ಕತ್ತರಿಸಿದ್ರೆ ಮತ್ತೆ 100. ಯೋಚಿಸಿ, ಪುಸ್ತಕ ಓದ್ತಾ ಕೂತೋನು ಅರ್ಧ ಗಂಟೆ ಮೈಮರೆತ್ರೆ ಆರರಲ್ಲಿ ಐದು ಭಾಗ ಬೆಳಕು ಹೋಗಿರುತ್ತೆ. ಅದಕ್ಕೇ ಒಂದು ವಿಶೇಷ ಕತ್ತರಿ ಇತ್ತು, ಅಲಗಿನ ಮೇಲೆ ಒಂದು ಸಣ್ಣ ಡಬ್ಬಿ ಕೂತಿರುತ್ತೆ, ಕತ್ತರಿಸಿದ ಕೆಂಡದ ತುದಿ ಟೇಬಲ್ ಬಟ್ಟೆ ಮೇಲೆ ಬೀಳದೆ ಆ ಡಬ್ಬಿಯೊಳಗೆ ಬೀಳ್ಲಿ ಅಂತ. ಹಳೇ ಬೆಳ್ಳಿ ಸಾಮಾನಲ್ಲಿ ಡಬ್ಬಿ ಅಂಟಿಸಿದ ಈ ವಿಚಿತ್ರ ಕತ್ತರಿ, ಅದನ್ನ ಇಡೋಕೆ ಉದ್ದನೇ ಟ್ರೇ ಕಂಡ್ರೆ ಅದು ಇದೇ. ಕ್ಯಾಂಡಲ್ ಆರಿಸೋ ಗಂಟೆ ಆಕಾರದ ಟೋಪಿ ಬೇರೆ, ಇದು ಬೇರೆ, ಇವತ್ತು ಮಾರೋರು ಎರಡನ್ನೂ ಒಂದೇ ಹೆಸರಲ್ಲಿ ಮಾರ್ತಾರೆ.

ಆರಿಸೋಕೆ ಟೋಪಿ ಯಾಕೆ, ಊದಿದ್ರೆ ಆಗಲ್ವಾ ಅಂತ ಕೇಳ್ಬಹುದು. ಊದಿದ್ರೆ ಕರಗಿದ ಕೊಬ್ಬು ಹಾರುತ್ತೆ, ಮತ್ತೆ ಆ ನಾತದ ಬಿಳಿ ಹೊಗೆ ರೂಮೆಲ್ಲ. ಟೋಪಿ ಮುಚ್ಚಿದ್ರೆ ಗಾಳಿ ಇಲ್ದೆ ಆರುತ್ತೆ, ಹೊಗೆ ಟೋಪಿ ಒಳಗೇ ಉಳಿಯುತ್ತೆ.

ಎರಡನೇ ಕಾಟ ಸೋರೋದು. ಸ್ವಲ್ಪ ಗಾಳಿ ಬಂದ್ರೆ ಜ್ವಾಲೆ ಒಂದು ಕಡೆ ವಾಲುತ್ತೆ, ಆ ಕಡೆ ಹೊಂಡದ ಅಂಚು ಕರಗಿ ಒಡೆಯುತ್ತೆ, ಒಳಗಿದ್ದ ದ್ರವ ಎಲ್ಲ ಹರಿದು ವೇಸ್ಟ್. ದುಡ್ಡು ಸುರಿದ ಹಾಗೆನೇ ಅದು. ಸ್ಟ್ಯಾಂಡಿನ ಬಾಯಿ ಸುತ್ತ ಅಗಲವಾದ ಅಂಚು ಇರೋದು ಅದನ್ನ ಹಿಡಿಯೋಕೆ. ಹಳೇ ಸ್ಟ್ಯಾಂಡಲ್ಲಿ ಈ ತಟ್ಟೆ ನಡು ಕಂಬದಲ್ಲೋ ಬುಡದಲ್ಲೋ ದೊಡ್ಡದಾಗಿ ಇರ್ತಿತ್ತು, ಹದಿನೆಂಟನೇ ಶತಮಾನ ಮುಂದುವರಿದ ಹಾಗೆ ಬಾಯಿಗೆ ಕೂರಿಸಿ ತೆಗೆಯೋ ಬಿಡಿ ತಟ್ಟೆ ಬಂತು. ತೆಗೆದು ತೊಳೆಯೋಕೆ ಸುಲಭ, ಆದ್ರೆ ಕಳೆದುಹೋಗೋಕೂ ಸುಲಭ, ಅದಕ್ಕೆ ಇವತ್ತು ಸಿಗೋ ಎಷ್ಟೋ ಹಳೇ ಸ್ಟ್ಯಾಂಡ್‌ಗಳಲ್ಲಿ ಅದೇ ಇರಲ್ಲ, ಅಥವಾ ಬೇರೆ ಯಾವುದರದ್ದೋ ತಂದು ಸಿಗಿಸಿರ್ತಾರೆ. ಕೊಳ್ಳೋರು ಮೊದಲು ನೋಡ್ಬೇಕಾದ ಜಾಗ ಇದು, ಆ ತಟ್ಟೆ ಸುತ್ತ ಇರೋ ಮಣಿಸಾಲಿನ ಡಿಸೈನ್ ಬುಡದ ಅಂಚಿನ ಡಿಸೈನಿಗೆ ಹೊಂದುತ್ತಾ ಇಲ್ವಾ ಅಂತ.

ಮೂರನೇದು ಬೆಂಕಿ ಹಿಡ್ಕೊಂಡು ಓಡಾಡೋದು. ರಾತ್ರಿ ಮಲಗೋಕೆ ಹೋಗುವಾಗ ಕೈಯಲ್ಲಿ ಒಯ್ಯೋಕೆ ಅಂತ ಒಂದು ಗಿಡ್ಡ ಸ್ಟ್ಯಾಂಡ್ ಇರ್ತಿತ್ತು, ಸಾಸರ್ ಥರ ಅಗಲ ತಟ್ಟೆ, ಬೆರಳು ತೂರಿಸೋ ಹಿಡಿ, ಪಕ್ಕದಲ್ಲಿ ನೇತುಹಾಕಿದ ಆರಿಸೋ ಟೋಪಿ, ಕೆಲವಕ್ಕೆ ಬಾಯಿ ಕೆಳಗೆ ಒಂದು ಸಂದು, ಕತ್ತರಿ ತೂರಿಸಿಡೋಕೆ. ಇಡೀ ಮನೆ ದೀಪದ ಕಿಟ್ ಒಂದೇ ಸಾಮಾನಲ್ಲಿ. ನಂಗೆ ಉದ್ದನೇ ಕಂಬದ ಜೋಡಿಗಿಂತ ಇದೇ ಹೆಚ್ಚು ಇಷ್ಟ, ಮಾರುಕಟ್ಟೆಯಲ್ಲಿ ಮಾತ್ರ ಜೋಡಿಗೇ ಬೆಲೆ.

ಇನ್ನು ಕೊನೇ ತುಣುಕು. ಒಂದು ಇಂಚು ಉಳಿದ ಕ್ಯಾಂಡಲ್ ಸ್ಟ್ಯಾಂಡ್ ಬಾಯೊಳಗೆ ಇಳಿದು ಹೋದ್ರೆ ಜ್ವಾಲೆ ಲೋಹ ಸುಡುತ್ತೆ, ಬೆಳಕೂ ಬರಲ್ಲ. ಕಬ್ಬಿಣದ, ಹಿತ್ತಾಳೆಯ ಸ್ಟ್ಯಾಂಡ್‌ಗಳಲ್ಲಿ ತಳ್ಳಿ ಮೇಲೇರಿಸೋ ಗುಬುಟು ಇರ್ತಿತ್ತು. ದೊಡ್ಡ ಮನೆಗಳಲ್ಲಿ ಉಳಿದ ತುಣುಕು ಕೆಲಸದೋರ ಪಾಲು, ಅವರು ಅದನ್ನ ಮಾರ್ಕೊಳ್ತಿದ್ರು. ಒಂದಿಂಚು ಕ್ಯಾಂಡಲ್ಲಿಗೆ ಇನ್ನೊಂದು ಉಪಯೋಗನೂ ಇತ್ತು, ನಮ್ಮ ಕಾರವಾರದಲ್ಲಿ ಕೋಠಿ ಇಟ್ಕೊಂಡಿದ್ದ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಲ್ಲಿ ಸರಕನ್ನ ಹರಾಜು ಹಾಕುವಾಗ ಸಣ್ಣ ತುಣುಕು ಹಚ್ಚಿಡ್ತಿತ್ತು, ಅದು ಆರೋ ಕ್ಷಣಕ್ಕೆ ಕೊನೆಗೆ ಯಾರು ಕೂಗಿರ್ತಾರೋ ಸರಕು ಅವರಿಗೆ.

ಸರಿ, ಈಗ ಬೆಳ್ಳಿ ಯಾಕೆ? ಎರಡು ಕಾರಣ. ಒಂದು ನಿಜಕ್ಕೂ ಉಪಯೋಗದ್ದು, ಕಣ್ಣಿಗೆ ಕಾಣೋ ಬೆಳಕನ್ನ ಬೆಳ್ಳಿಯಷ್ಟು ವಾಪಸ್ ಕೊಡೋ ಲೋಹ ಇನ್ನೊಂದಿಲ್ಲ, ಚೆನ್ನಾಗಿ ಪಾಲಿಶ್ ಮಾಡಿದ್ರೆ ಬಿದ್ದ ಬೆಳಕಲ್ಲಿ ನೂರಕ್ಕೆ ತೊಂಬತ್ತೈದರಷ್ಟು ತಿರುಗಿ ಬರುತ್ತೆ. ಹನ್ನೆರಡು ಲ್ಯೂಮೆನ್ನಲ್ಲಿ ಜೀವನ ಮಾಡೋರಿಗೆ ಅದೂ ಲೆಕ್ಕವೇ. ಇನ್ನೊಂದು, ಬೆಳ್ಳಿ ಅಂದ್ರೆ ಬ್ಯಾಂಕು. ಕಷ್ಟ ಬಂದಾಗ ಕರಗಿಸಿ ನಾಣ್ಯ ಮಾಡ್ಕೊಳ್ಳೋದು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ವರ್ಸೈ ಅರಮನೆಯಲ್ಲಿದ್ದ ಅಪ್ಪಟ ಬೆಳ್ಳಿ ಪೀಠೋಪಕರಣಗಳನ್ನ 1689ರಲ್ಲಿ ಯುದ್ಧದ ಖರ್ಚಿಗೆ ಕರಗಿಸಿಬಿಟ್ಟ. ರಾಜನ ಕತೆನೇ ಹೀಗಿದ್ದ ಮೇಲೆ ಉಳಿದೋರ ಮನೆ ಬೆಳ್ಳಿ ಕತೆ ಕೇಳ್ಬೇಕಾ.

ಮಧ್ಯಮ ವರ್ಗದೋರಿಗೆ ಹೊಳಪು ಬೇಕು, ಬ್ಯಾಂಕಿಗಿಡೋಷ್ಟು ಬೆಳ್ಳಿ ಇಲ್ಲ. ಇಲ್ಲಿಗೆ ಬಂದವನು ಇಂಗ್ಲೆಂಡಿನ ಶೆಫೀಲ್ಡ್ ಅನ್ನೋ ಊರಿನ ಥಾಮಸ್ ಬೌಲ್ಸೋವರ್. 1743ರ ಸುಮಾರಿಗೆ ಒಂದು ಚಾಕು ಹಿಡಿ ರಿಪೇರಿ ಮಾಡುವಾಗ ಬೆಳ್ಳಿ ಮತ್ತು ತಾಮ್ರ ಕಾದು ಒಂದಕ್ಕೊಂದು ಹಿಡ್ಕೊಂಡಿದ್ದನ್ನ ನೋಡಿದ ಅಂತ ಹೇಳ್ತಾರೆ. ಅಚ್ಚರಿ ಏನಂದ್ರೆ ಹಿಡ್ಕೊಂಡ ಮೇಲೆ ಅದನ್ನ ರೋಲರಿಗೆ ಕೊಟ್ಟು ಎಷ್ಟು ತೆಳು ಮಾಡಿದ್ರೂ ಎರಡೂ ಒಂದೇ ಪ್ರಮಾಣದಲ್ಲಿ ತೆಳು ಆಗ್ತಾ ಹೋಗ್ತವೆ, ಬಿಟ್ಕೊಳ್ಳಲ್ಲ. ಅವನು ಅದರಲ್ಲಿ ಗುಂಡಿ, ಸಣ್ಣ ಡಬ್ಬಿ ಮಾಡಿ ನಿಲ್ಸಿದ, ಅದೇ ಊರಿನ ಜೋಸೆಫ್ ಹ್ಯಾನ್‌ಕಾಕ್ ಇದರಲ್ಲಿ ಪಾತ್ರೆ, ಕ್ಯಾಂಡಲ್ ಸ್ಟ್ಯಾಂಡ್ ಥರದ ದೊಡ್ಡ ಸಾಮಾನೂ ಮಾಡ್ಬಹುದು ಅಂತ ತೋರಿಸ್ದ.

ಮಾಡೋ ರೀತಿ ಹೀಗೆ. ತಾಮ್ರದ ದಪ್ಪ ಗಟ್ಟಿ ಒಂದು, ಅದರ ಮೇಲೆ ಚೆನ್ನಾಗಿ ಉಜ್ಜಿದ ಬೆಳ್ಳಿ ತಗಡು, ಎರಡರ ಮುಖನೂ ಕೈಬೆರಳು ಕೂಡ ತಾಗದಷ್ಟು ಶುದ್ಧ ಇರ್ಬೇಕು. ತಂತಿ ಸುತ್ತಿ ಬಿಗಿದು, ಅಂಚಿಗೆ ಬಿಳಿಗಾರ ಹಚ್ಚಿ ಕುಲುಮೆಗೆ ಇಡ್ತಾರೆ. ಸಣ್ಣ ಕಿಂಡಿಯಿಂದ ನೋಡ್ತಾ ಇರ್ತಾರೆ, ಅಂಚಲ್ಲಿ ಬೆಳ್ಳಿ ಜಿನುಗೋಕೆ ಶುರುವಾದ ಕ್ಷಣವೇ ಹೊರಗೆ ತೆಗೀಬೇಕು, ಸ್ವಲ್ಪ ತಡ ಆದ್ರೆ ಬೆಳ್ಳಿ ತಾಮ್ರದೊಳಗೆ ಕೂಡಿಹೋಗಿ ಇಡೀ ಗಟ್ಟಿ ಹಾಳು. ಆಮೇಲೆ ರೋಲರ್ ಕೆಳಗೆ ಹಾಕಿ ತಗಡು ಮಾಡೋದು. ಮೊದಮೊದಲು ಒಂದೇ ಬದಿಗೆ ಬೆಳ್ಳಿ ಇರ್ತಿತ್ತು, ಪಾತ್ರೆ ಒಳಗಿನ ತಾಮ್ರಕ್ಕೆ ಕಲಾಯಿ ಹಾಕ್ತಿದ್ರು, ನಮ್ಮೂರಲ್ಲಿ ಕಲಾಯಿಯೋರು ಬಂದು ಹಾಕ್ತಿದ್ದ ಅದೇ ತವರದ ಕಲಾಯಿ. ಆಮೇಲೆ ಎರಡೂ ಬದಿಗೆ ಬೆಳ್ಳಿ ಬಂತು.

ಶೆಫೀಲ್ಡ್ ಪ್ಲೇಟ್ ಅಂತ ಹೆಸರಾದ ಈ ತಗಡಿಗೆ ಒಂದೇ ಮರ್ಮಸ್ಥಾನ, ಕತ್ತರಿಸಿದ ಅಂಚು. ಅಲ್ಲಿ ಕೆಂಪು ತಾಮ್ರದ ಗೆರೆ ಕಾಣುತ್ತೆ. ಅದನ್ನ ಮುಚ್ಚೋಕೆ ಪಟ್ಟ ಪಾಡು ನೋಡಿದ್ರೆ ಆ ಕೆಲಸಗಾರರಿಗೆ ಕೈ ಮುಗೀಬೇಕು ಅನ್ಸುತ್ತೆ. ಮೇಲಿನ ಬೆಳ್ಳಿ ಪದರವನ್ನ ಅಂಚಿನಾಚೆಗೆ ಎಳೆದು ಕೆಳಗೆ ಮಡಚೋದು, ಇಲ್ಲಾಂದ್ರೆ ಅಪ್ಪಟ ಬೆಳ್ಳಿ ತಂತಿ ತಂದು ಅಂಚಿಗೆ ಬೆಸುಗೆ ಹಾಕೋದು. ಬುಡದ ಅಂಚಲ್ಲಿ ಉಗುರು ಆಡಿಸಿದ್ರೆ ಆ ಮಡಿಕೆ ಸಣ್ಣ ಏಣಿನ ಥರ ತಾಗುತ್ತೆ. ಇನ್ನೊಂದು, ಶ್ರೀಮಂತರಿಗೆ ತಮ್ಮ ಮನೆತನದ ಲಾಂಛನ ಕೊರೆಸೋ ಹುಚ್ಚು, ಕೊರೆದ್ರೆ ಕೆಳಗಿನ ತಾಮ್ರ ಕಂಡುಬಿಡುತ್ತೆ. ಅದಕ್ಕೆ ಕೊರೆಯೋ ಜಾಗದಲ್ಲಿ ಮಾತ್ರ ದಪ್ಪ ಬೆಳ್ಳಿ ತುಂಡು ಕೂರಿಸಿ, ಅಂಚು ಕಾಣದ ಹಾಗೆ ಉಜ್ಜಿಬಿಡ್ತಿದ್ರು. ಬರಿಗಣ್ಣಿಗೆ ಗೊತ್ತಾಗಲ್ಲ, ಆದ್ರೆ ಬಾಯಿಂದ ಹಾ ಅಂತ ಬಿಸಿಯುಸಿರು ಬಿಟ್ರೆ ಆವಿ ಕೂತು ಹೋಗುವಾಗ ಆ ತುಂಡಿನ ಗಡಿ ಒಂದು ಕ್ಷಣ ಎದ್ದು ಕಾಣುತ್ತೆ. ಅದು ಕಂಡ್ರೆ ನಿಮ್ಮ ಕೈಲಿರೋದು ಹಳೇ ಶೆಫೀಲ್ಡ್ ಪ್ಲೇಟ್ ಅನ್ನೋಕೆ ಒಳ್ಳೇ ಸಾಕ್ಷಿ.

ಕ್ಯಾಂಡಲ್ ಸ್ಟ್ಯಾಂಡಿಗೆ ಶೆಫೀಲ್ಡ್ ಹೆಸರಾಗೋಕೆ ಇನ್ನೊಂದು ಕಾರಣ ಉಕ್ಕು. ಅಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡಿದ ಗಟ್ಟಿ ಉಕ್ಕು ಬಂದಿತ್ತು, ಅದರಲ್ಲಿ ಅಚ್ಚು ಕೊರೆದು ತೆಳು ತಗಡನ್ನ ಒತ್ತಿ ಭಾಗ ಭಾಗ ಮಾಡಿ ಬೆಸೆಯೋದು. ಅದಕ್ಕೆ ಮುಂಚೆ ಒಳ್ಳೇ ಸ್ಟ್ಯಾಂಡ್ ಅಂದ್ರೆ ಎರಕ ಹೊಯ್ದದ್ದು, ಕೈಲಿ ಹಿಡಿದ್ರೆ ಭಾರ. ಒತ್ತಿದ ತಗಡಿನ ಸ್ಟ್ಯಾಂಡ್ ಹಗುರ, ಉದ್ದ ಕಂಬ, ಮೇಲೆ ಉರಿಯೋ ಬೆಂಕಿ, ತಾಗಿದ್ರೆ ಬೀಳುತ್ತೆ. ಹಾಗಾಗಿ ಒಳಗೆ ಡಾಂಬರಿನಂಥ ರಾಳ ತುಂಬಿ, ಕೆಲವಕ್ಕೆ ಕಬ್ಬಿಣದ ಸರಳು ಕೂಡ ಇಟ್ಟು, ತಳಕ್ಕೆ ಹಸಿರು ಬಟ್ಟೆ ಅಂಟಿಸ್ತಿದ್ರು. ನಮ್ಮಲ್ಲಿ ಟೊಳ್ಳು ಬಳೆಗೆ ಅರಗು ತುಂಬ್ತಾರಲ್ಲ, ಹಾಗೆ. ಇದು ಕೊಳ್ಳೋರಿಗೆ ಯಾಕೆ ಮುಖ್ಯ ಅಂದ್ರೆ, ಅಪ್ಪಟ ಸ್ಟರ್ಲಿಂಗ್ ಬೆಳ್ಳಿ ಮುದ್ರೆ ಇರೋ ಸ್ಟ್ಯಾಂಡನ್ನೂ ಹೀಗೇ ಮಾಡ್ತಿದ್ರು, ತೂಕ ನೋಡಿ ಬೆಳ್ಳಿ ರೇಟಿಗೆ ಗುಣಿಸಿದ್ರೆ ಕೆಟ್ರಿ, ತೂಕದಲ್ಲಿ ಬಹುಪಾಲು ರಾಳದ್ದು.

ಮುದ್ರೆ ವಿಷಯ ಬಂತಲ್ಲ. ಬೌಲ್ಟನ್ ತನ್ನ ಬೆಳ್ಳಿ ಸಾಮಾನನ್ನ ಪರೀಕ್ಷೆಗೆ ಅಂತ ದೂರದ ಚೆಸ್ಟರ್‌ಗೆ ಕಳಿಸ್ಬೇಕಿತ್ತು, ಕೆಟ್ಟ ರಸ್ತೇಲಿ ಹೋಗಿ ಬರೋಷ್ಟರಲ್ಲಿ ಗೀರು ಬಿದ್ದಿರ್ತಿತ್ತು. ಅವನೂ ಶೆಫೀಲ್ಡಿನೋರೂ ಸೇರಿ ಹೋರಾಡಿ 1773ರಲ್ಲಿ ಎರಡೂ ಊರಿಗೆ ಅಸ್ಸೇ ಆಫೀಸ್, ಅಂದ್ರೆ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತೋ ಕಚೇರಿ, ತಂದ್ರು. ಬರ್ಮಿಂಗ್‌ಹ್ಯಾಮ್ ಸಮುದ್ರದಿಂದ ಎಷ್ಟೋ ದೂರ ಆದ್ರೂ ಅದರ ಗುರುತು ಲಂಗರು, ಶೆಫೀಲ್ಡಿನದು 1974ರ ತನಕ ಕಿರೀಟ. ಲಂಡನ್ನಿನ ಕ್ರೌನ್ ಅಂಡ್ ಆಂಕರ್ ಅನ್ನೋ ಹೋಟೆಲಲ್ಲಿ ಮಾತುಕತೆ ನಡೆದದ್ದಕ್ಕೆ ಹೀಗೆ ಅಂತ ಒಂದು ಕತೆ ಓಡಾಡುತ್ತೆ. ಅಪ್ಪಟ ಬೆಳ್ಳಿಗೆ ನಡೆಯೋ ಸಿಂಹದ ಮುದ್ರೆ ಇರುತ್ತೆ, 1784ರಿಂದ 1890ರ ತನಕದ್ದಕ್ಕೆ ಸುಂಕ ಕಟ್ಟಿದ ಗುರುತಿಗೆ ರಾಜನದೋ ರಾಣಿಯದೋ ತಲೆ ಕೂಡ. ಲೇಪದ ಸಾಮಾನಿಗೆ ಈ ಸಿಂಹ ಇರಲ್ಲ.

ಶೆಫೀಲ್ಡ್ ಪ್ಲೇಟಿನ ಕತೆ ಮುಗಿಸಿದ್ದು ಕರೆಂಟು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಪೇಟೆಂಟ್ ತಗೊಂಡ್ತು, ಅದಕ್ಕೆ ಬೇಕಾದ ಸಯನೈಡ್ ದ್ರಾವಣದ ಉಪಾಯ ಜಾನ್ ರೈಟ್ ಅನ್ನೋ ಡಾಕ್ಟರದ್ದು. ಇಲ್ಲಿ ಉಲ್ಟಾ, ಮೊದಲು ಸಾಮಾನು ಪೂರ್ತಿ ಮಾಡಿ, ಆಮೇಲೆ ಬೆಳ್ಳಿ ಲವಣದ ತೊಟ್ಟಿಯಲ್ಲಿ ನೇತುಹಾಕಿ ಕರೆಂಟ್ ಹರಿಸಿದ್ರೆ ಅಂಚು, ಬೆಸುಗೆ, ಸಂದುಗೊಂದು ಎಲ್ಲದರ ಮೇಲೂ ಬೆಳ್ಳಿ ಕೂರುತ್ತೆ. ಅಂಚು ಮುಚ್ಚೋ ಕಷ್ಟವೇ ಇಲ್ಲ. ಕುಲುಮೆ ಮುಂದೆ ಕಿಂಡಿ ನೋಡ್ತಾ ನಿಲ್ಲೋ ಕಸುಬು ಕೆಲವೇ ವರ್ಷದಲ್ಲಿ ಮೂಲೆಗೆ ಹೋಯ್ತು. ಒಳಗಿನ ಲೋಹ ತಾಮ್ರದ ಬದಲು ಹೆಚ್ಚಾಗಿ ತಾಮ್ರ, ನಿಕ್ಕಲ್, ಸತು ಸೇರಿದ ಬಿಳಿ ಮಿಶ್ರಲೋಹ, ಸವೆದ್ರೂ ಕೆಂಪು ಕಾಣಲ್ಲ. ಅದೇ ಜರ್ಮನ್ ಸಿಲ್ವರ್. ಹೌದು, ಚಿಕ್ಕಪೇಟೆ ಅಂಗಡಿಗಳಲ್ಲಿ ಗೃಹಪ್ರವೇಶದ ರಿಟರ್ನ್ ಗಿಫ್ಟಿಗೆ ಅಂತ ಡಜನ್ ಲೆಕ್ಕದಲ್ಲಿ ಸಿಗೋ ಕುಂಕುಮ ಬಟ್ಟಲಿನ ಜರ್ಮನ್ ಸಿಲ್ವರ್, ಹೆಸರಿನ ಮಟ್ಟಿಗಾದ್ರೂ ಅದೇ, ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇರಲ್ಲ.

ಗುರುತಿಸೋದು ಹೇಗೆ ಅಂದ್ರೆ, ತಳದಲ್ಲಿ ಇ ಪಿ ಎನ್ ಎಸ್ (ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್) ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಇದ್ರೆ ಎಲೆಕ್ಟ್ರೋಪ್ಲೇಟ್, ಮುಗೀತು. ಕೆಲವು ತಯಾರಕರು ಒಂದೊಂದು ಅಕ್ಷರನೂ ಬೇರೆ ಬೇರೆ ಸಣ್ಣ ಗುರಾಣಿಯೊಳಗೆ ಹಾಕಿ ದೂರದಿಂದ ಅಸಲಿ ಬೆಳ್ಳಿ ಮುದ್ರೆ ಥರ ಕಾಣೋ ಹಾಗೆ ಮಾಡ್ತಿದ್ರು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಓದಿ. ಶೆಫೀಲ್ಡ್ ಅಂತ ಊರ ಹೆಸರನ್ನೇ ಪೂರ್ತಿ ಒತ್ತಿದ್ರೆ ಅದೂ ಬಹುತೇಕ ಎಲೆಕ್ಟ್ರೋಪ್ಲೇಟೇ. ಇಂಗ್ಲೆಂಡ್ ಅಂತ ದೇಶದ ಹೆಸರಿದ್ರೆ ಸಾಮಾನ್ಯವಾಗಿ 1890ರ ಅಮೆರಿಕದ ಸುಂಕದ ಕಾನೂನಿನ ನಂತರದ್ದು, ಆಮದು ಸಾಮಾನಿಗೆ ದೇಶದ ಹೆಸರು ಬೇಕು ಅಂತ ಅವರು ಹಠ ಹಿಡಿದಿದ್ರು. ಏನೂ ಗುರುತಿಲ್ಲದೆ, ಎತ್ತರದ ಜಾಗಗಳಲ್ಲಿ ಮಾತ್ರ ಬೆಳ್ಳಿ ಸವೆದು ಗುಲಾಬಿ ತಾಮ್ರ ಇಣುಕ್ತಾ ಇದ್ರೆ, ಅಂಚಲ್ಲಿ ಮಡಿಕೆ, ಬಾಯಿಯ ಕೊಳವೆಯಲ್ಲಿ ಉದ್ದಕ್ಕೂ ಒಂದು ಬೆಸುಗೆ ಗೆರೆ ಇದ್ರೆ, ಹಳೇ ಶೆಫೀಲ್ಡ್ ಇರ್ಬಹುದು. ಸಂಗ್ರಹಕಾರರು ಆ ಗುಲಾಬಿಗೆ ಬ್ಲೀಡಿಂಗ್ ಅಂತಾರೆ, ಅದನ್ನ ಇಷ್ಟಪಡ್ತಾರೆ ಕೂಡ. ಆದ್ರೆ ತಾಮ್ರದ ಮೇಲೆ ಎಲೆಕ್ಟ್ರೋಪ್ಲೇಟ್ ಮಾಡಿದ್ದೂ ಸವೆದ್ರೆ ಕೆಂಪೇ, ಹಾಗಾಗಿ ಬರೀ ಕೆಂಪು ನೋಡಿ ದುಡ್ಡು ಕೊಡ್ಬೇಡಿ, ಅಂಚು ಮತ್ತು ಬೆಸುಗೆ ಗೆರೆ ನೋಡಿ.

ತಮಾಷೆ ಏನಂದ್ರೆ ಬೆಳ್ಳಿ ಸ್ಟ್ಯಾಂಡ್ ಎಲ್ಲರ ಕೈಗೆ ಸಿಗೋಷ್ಟರಲ್ಲಿ ಕ್ಯಾಂಡಲ್ ಕಾಟಗಳೇ ಮುಗಿದಿದ್ವು. ಫ್ರಾನ್ಸಿನ ಶೆವ್ರೋಲ್ ಕೊಬ್ಬಿನಿಂದ ಗಟ್ಟಿ ಮೇಣದಂಥ ಸ್ಟಿಯರಿಕ್ ಆಮ್ಲ ಬೇರ್ಪಡಿಸಿದ, ಗೇ-ಲುಸ್ಸಾಕ್ ಜೊತೆ 1825ರಲ್ಲಿ ಅದರ ಕ್ಯಾಂಡಲ್ಲಿಗೆ ಪೇಟೆಂಟ್ ಬಂತು, ಅದೇ ಸುಮಾರಿಗೆ ಕಾಂಬಸೆರೆಸ್ ಜಡೆ ಹೆಣೆದ ಬತ್ತಿ ತಂದ. ಹೆಣೆದ ಬತ್ತಿ ಉರೀತಾ ಉರೀತಾ ಒಂದು ಕಡೆ ಬಾಗಿ ತುದಿ ಜ್ವಾಲೆ ಹೊರಗೆ ಬರುತ್ತೆ, ಅಲ್ಲಿ ಗಾಳಿ ಸಿಕ್ಕಿ ತಾನೇ ಸುಟ್ಟು ಬೂದಿ. ಕತ್ತರಿ ಕೆಲಸ ಅಲ್ಲಿಗೆ ಖತಂ. ನಿಮ್ಮನೆ ಕ್ಯಾಂಡಲ್ ಹಚ್ಚಿ ನೋಡಿ, ಬತ್ತಿ ತುದಿ ಬಗ್ಗಿ ಕೆಂಪಗೆ ಕೆಂಡ ಆಗಿರೋದು ಇವತ್ತೂ ಕಾಣುತ್ತೆ. 1840ರಲ್ಲಿ ವಿಕ್ಟೋರಿಯಾ ಮದುವೆಗೆ ಜನ ಕಿಟಕೀಲಿ ದೀಪ ಇಡ್ಬೇಕು ಅಂತ ಪ್ರೈಸಸ್ ಕಂಪನಿ ತೆಂಗಿನೆಣ್ಣೆ ಬೆರೆಸಿದ ಅಗ್ಗದ ಕ್ಯಾಂಡಲ್ ಬಿಡ್ತು. ಆಮೇಲೆ 1850ರ ದಶಕದಿಂದ ಪ್ಯಾರಾಫಿನ್. ಅಷ್ಟರಲ್ಲಿ ಊರೊಳಗೆ ಗ್ಯಾಸ್ ದೀಪ ಬಂದಾಗಿತ್ತು, ಅದನ್ನ ಮೊದಲು ದೊಡ್ಡದಾಗಿ ಹಚ್ಚಿ ತೋರಿಸಿದ ಜಾಗಗಳಲ್ಲಿ ಒಂದು ಬೌಲ್ಟನ್ನನ ಸೋಹೋ ಕಾರ್ಖಾನೆಯೇ, 1802ರಲ್ಲಿ.

ನಮ್ಮ ಕಡೆ ಈ ಸ್ಟ್ಯಾಂಡ್ ಯಾಕೆ ಬೇರು ಬಿಡ್ಲಿಲ್ಲ ಅನ್ನೋದು ಈಗ ಸುಲಭ. ಇಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆ, ಕರಾವಳೀಲಿ ಕೊಬ್ಬರಿ ಎಣ್ಣೆ ಕೈಗೆ ಸಿಗ್ತಿತ್ತು, ಹಣತೆಯಲ್ಲಿ ಎಣ್ಣೆ ಮೊದಲೇ ದ್ರವ, ಕರಗಿಸೋ ತಾಪತ್ರಯ ಇಲ್ಲ. ದೇವರ ಮುಂದೆ ದನದ ಕೊಬ್ಬು ಹಚ್ಚೋ ಮಾತೇ ಇಲ್ಲ. ಬಂಗಲೆ ಸಾಹೇಬರೂ ಇಲ್ಲಿ ಕೊಬ್ಬರಿ ಎಣ್ಣೆ ದೀಪಕ್ಕೇ ಬಂದ್ರು, ಕ್ಯಾಂಡಲ್ ಇಟ್ರೆ ಪಂಖ ಎಳೆದಾಗ ಆರಬಾರ್ದು ಅಂತ ಸುತ್ತ ಎತ್ತರದ ಗಾಜಿನ ಕೊಳವೆ ಬೇಕಿತ್ತು. 1905ರ ಆಗಸ್ಟಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿಗೆ ಬಂದ ಮೇಲೆ ಕ್ಯಾಂಡಲ್ ಚರ್ಚಿಗೂ ಲೋಡ್ ಶೆಡ್ಡಿಂಗಿಗೂ ಉಳೀತು, ಅದನ್ನ ನಿಲ್ಸೋಕೆ ನಮಗೆ ಉಲ್ಟಾ ಹಾಕಿದ ಲೋಟವೇ ಸಾಕಿತ್ತು.

ಇಷ್ಟೆಲ್ಲ ಓದಿ ಯಾರಾದ್ರೂ ಒಂದು ಹಳೇದು ತಗೊಂಡ್ರೆ ಅದನ್ನ ಹಾಳು ಮಾಡ್ಕೊಳ್ಳದೇ ಇರೋ ವಿಷಯ. ಬೆಳ್ಳಿ ಕಪ್ಪಾಗೋದು ತುಕ್ಕು ಅಲ್ಲ, ಗಾಳಿಯಲ್ಲಿರೋ ಗಂಧಕದ ಜೊತೆ ಸೇರಿ ಆಗೋ ಸಲ್ಫೈಡ್ ಪದರ. ನಮ್ಮ ಮನೆಗಳ ಅಭ್ಯಾಸ ವಿಭೂತಿ ಇಲ್ಲಾ ಹಲ್ಲುಪುಡಿ ಹಾಕಿ ತಿಕ್ಕೋದು. ಅಪ್ಪಟ ಬೆಳ್ಳಿ ದೀಪದ ಕಂಬಕ್ಕೆ ಅದು ನಡೆಯುತ್ತೆ, ಲೇಪದ್ದಕ್ಕೆ ಬೇಡವೇ ಬೇಡ, ಪ್ರತಿ ಸಲ ತಿಕ್ಕಿದಾಗ ಕಪ್ಪಿನ ಜೊತೆ ಬೆಳ್ಳಿನೂ ಹೋಗುತ್ತೆ, ಹಬ್ಬ ಹಬ್ಬಕ್ಕೂ ತಿಕ್ಕಿದ್ರೆ ಒಂದಿನ ತಾಮ್ರ ಹೊರಗೆ ಬರುತ್ತೆ. ಮೆತ್ತನೇ ಬಟ್ಟೆ, ಬೆಳ್ಳಿಗೇ ಅಂತ ಸಿಗೋ ನಯವಾದ ಕ್ರೀಮ್, ಅದೂ ವರ್ಷಕ್ಕೆ ಒಂದೆರಡು ಸಲ ಸಾಕು, ಉಳಿದ ದಿನ ಒಣಬಟ್ಟೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ವಿಡಿಯೋ ಟ್ರಿಕ್ ಚಮಚಕ್ಕೆ ಸರಿ, ಸಲ್ಫೈಡನ್ನ ವಾಪಸ್ ಬೆಳ್ಳಿ ಮ‍ಾಡುತ್ತೆ, ಆದ್ರೆ ಸ್ಟ್ಯಾಂಡ್ ಒಳಗೆ ರಾಳ ಇದೆ ಅನ್ನೋದು ಮರೀಬೇಡಿ, ಬಿಸಿನೀರಲ್ಲಿ ಮುಳುಗಿಸಿದ್ರೆ ರಾಳ ಮೆತ್ತಗಾಗಿ ಕಂಬ ವಾಲುತ್ತೆ, ಸಂದಿಗೆ ನೀರು ಹೋಗುತ್ತೆ. ಬಾಯಲ್ಲಿ ಮೇಣ ಗಟ್ಟಿಯಾಗಿದ್ರೆ ಚಾಕು ಹಾಕ್ಬೇಡಿ, ಬಿಡಿ ತಟ್ಟೆ ತೆಗೆದು ಅದನ್ನ ಮಾತ್ರ ಬಿಸಿನೀರಿಗೆ ಹಾಕಿ, ಕಂಬದ್ದನ್ನ ಹೇರ್ ಡ್ರೈಯರ್ ಸಣ್ಣಗಿಟ್ಟು ಮೆತ್ತಗೆ ಮಾಡಿ ಉಗುರಿಂದ ಎಬ್ಬಿಸಿ.

ತಾಮ್ರ ಕಾಣ್ತಿದೆ ಅಂತ ಹಳೇ ಶೆಫೀಲ್ಡ್ ಪ್ಲೇಟನ್ನ ಮತ್ತೆ ಪ್ಲೇಟಿಂಗ್ ಮಾಡಿಸೋಕೂ ಹೋಗ್ಬೇಡಿ, ಹೊಸ ಬೆಳ್ಳಿ ಕೂತ ಮೇಲೆ ಮಡಿಕೆ, ಬೆಸುಗೆ ಗೆರೆ, ಉಸಿರು ಬಿಟ್ರೆ ಕಾಣೋ ತುಂಡು ಎಲ್ಲ ಮುಚ್ಚಿಹೋಗಿ ಅದು ಇನ್ನೊಂದು ಎಲೆಕ್ಟ್ರೋಪ್ಲೇಟ್ ಆಗುತ್ತೆ ಅಷ್ಟೇ, ಬೆಲೆನೂ ಅಲ್ಲಿಗೇ ಇಳಿಯುತ್ತೆ. ಇ ಪಿ ಎನ್ ಎಸ್ ಆದ್ರೆ ಧಾರಾಳವಾಗಿ ಮಾಡಿಸಿ, ಅದು ಹುಟ್ಟಿದ್ದೇ ತೊಟ್ಟಿಯಲ್ಲಿ.